ಕೇಸು ಬೀಳುವ ಮುಂಚೆಯೇ ಕ್ಷಮಾದಾನ: ಅಧಿಕಾರ ಬಿಟ್ಟು ಹೋಗುವ ನಾಯಕರು ಹೀಗೆ ಕೊಡಬಹುದೇ?

ಮಂಡ್ಯ_ನಿವೃತ್ತ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಅಮೆರಿಕದ ಪಕ್ಷಗಳ ಜಗಳವನ್ನು ಇಲ್ಲಿಗೆ ತರುವುದು ನನ್ನ ಉದ್ದೇಶವಲ್ಲ. ಆದರೆ ಅಲ್ಲಿ ನಡೆದ ಒಂದು ವಿಷಯ ನನ್ನ ತಲೆಯಿಂದ ಹೋಗುತ್ತಿಲ್ಲ. ಕಾನೂನು ಬಲ್ಲವರು ಇಲ್ಲಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

2025ರ ಜನವರಿ 20 ಬೈಡನ್ ಅವರ ಅಧಿಕಾರದ ಕೊನೆಯ ದಿನ. ಅವತ್ತು ಅವರು ಕೋವಿಡ್ ಕಾಲದಲ್ಲಿ ಸರ್ಕಾರಕ್ಕೆ ಸಲಹೆ ಕೊಡುತ್ತಿದ್ದ ವಿಜ್ಞಾನಿ ಡಾಕ್ಟರ್ ಫೌಚಿ ಅವರಿಗೆ, ಸೇನೆಯ ಜನರಲ್ ಆಗಿದ್ದ ಮಾರ್ಕ್ ಮಿಲಿ ಅವರಿಗೆ, 2021ರ ಜನವರಿ 6ರ ಸಂಸತ್ ಭವನದ ದಾಳಿಯನ್ನು ತನಿಖೆ ಮಾಡಿದ ಸಂಸದರ ಸಮಿತಿಗೆ, ಸಮಿತಿಯ ಸಿಬ್ಬಂದಿಗೆ, ಅದರ ಮುಂದೆ ಸಾಕ್ಷಿ ಹೇಳಿದ ಪೊಲೀಸರಿಗೆ ಕ್ಷಮಾದಾನ ಕೊಟ್ಟರು. ಇವರಲ್ಲಿ ಯಾರ ಮೇಲೂ ಕೇಸು ಇರಲಿಲ್ಲ. ಮುಂದೆ ಬರುವವರು ಸೇಡು ತೀರಿಸಿಕೊಂಡಾರು ಎಂಬ ಒಂದೇ ಕಾರಣಕ್ಕೆ ಮುಂಚಿತವಾಗಿ ಕೊಟ್ಟದ್ದು. ಫೌಚಿ ಅವರದು 2014ರ ಜನವರಿ 1ರಿಂದ ಅವತ್ತಿನವರೆಗಿನ ಅವಧಿಗೆ. ಇದನ್ನು ತಪ್ಪೊಪ್ಪಿಗೆ ಎಂದು ಯಾರೂ ತಿಳಿಯಬಾರದು ಅಂತಲೂ ಬೈಡನ್ ಹೇಳಿದರು.

ನನಗೆ ಇದು ಸರಿ ಅನ್ನಿಸಿತು. ಯಾಕೆ ಅಂತ ಹೇಳುತ್ತೇನೆ. ಇಲಾಖೆಯ ಹೆಸರು, ತಾಲ್ಲೂಕಿನ ಹೆಸರು ಬೇಡ. ಕೆಲಸದಲ್ಲಿದ್ದಾಗ ಒಂದು ಕೆರೆ ಒತ್ತುವರಿ ಬಗ್ಗೆ ವರದಿ ಕೊಟ್ಟೆ. ಮೇಲಿನವರು ಕೇಳಿದ್ದಕ್ಕೇ ಕೊಟ್ಟದ್ದು, ಅಳತೆ ಮಾಡಿಸಿ, ನಕ್ಷೆ ಸಮೇತ. ಸರ್ಕಾರ ಬದಲಾಯಿತು, ಒತ್ತುವರಿದಾರರ ಕಡೆಯವರ ಕೈ ಮೇಲಾಯಿತು. ಮೊದಲು ವರ್ಗಾವಣೆ. ಆಮೇಲೆ ಹುದ್ದೆ ತೋರಿಸದೆ ಸುಮ್ಮನೆ ಕೂರಿಸಿದರು. ಆಮೇಲೆ ಕೆರೆಗೆ ಸಂಬಂಧವೇ ಇಲ್ಲದ ಯಾವುದೋ ಹಳೇ ಬಿಲ್ಲು ಹುಡುಕಿ ತೆಗೆದು ಇಲಾಖಾ ವಿಚಾರಣೆ. ವರ್ಷಗಟ್ಟಲೆ ಎಳೆದರು. ಕೊನೆಗೆ ‘ಆರೋಪ ಸಾಬೀತಾಗಿಲ್ಲ’ ಎಂದು ಒಂದು ಪುಟದ ಆದೇಶ ಬಂತು. ಅಷ್ಟರಲ್ಲಿ ಬಡ್ತಿ ಹೋಗಿತ್ತು, ನಿವೃತ್ತಿ ಉಪದಾನ ತಡೆಹಿಡಿದಿದ್ದರು, ಮಗಳ ಮದುವೆ ಸಾಲದಲ್ಲಿ ಆಯಿತು. ನೆಂಟರ ಮನೆಗೆ ಹೋದರೆ ‘ಏನೋ ಕೇಸಂತಲ್ಲ’ ಅನ್ನುವ ಮಾತು. ಆ ಮಾತಿಗೆ ಯಾವ ಆದೇಶದಲ್ಲೂ ಪರಿಹಾರ ಇಲ್ಲ.

ಪ್ರಾಮಾಣಿಕವಾಗಿ ಕೆಲಸ ಮಾಡಿದವನು ತಾನು ತಪ್ಪು ಮಾಡಿಲ್ಲ ಅಂತ ಸಾಬೀತು ಮಾಡುವುದರಲ್ಲೇ ಮುದುಕನಾಗಬೇಕೇ? ತನ್ನ ಮಾತು ಕೇಳಿ ಕೆಲಸ ಮಾಡಿದವರನ್ನು, ಅಧಿಕಾರ ಬಿಟ್ಟು ಹೋಗುವಾಗ ಮೇಲಿನವನು ಕಾಪಾಡಿ ಹೋಗುವುದು ಅವನ ಧರ್ಮ ಅಲ್ಲವೇ? ನಮ್ಮಲ್ಲೂ ರಾಷ್ಟ್ರಪತಿಗಳು, ರಾಜ್ಯಪಾಲರು ಹೀಗೆ ಮಾಡಬಹುದೇ? ಮಾಡಬೇಕೇ? ಮನಸ್ಸು ಬಿಚ್ಚಿ ಹೇಳಿ.

ಸರಸ್ವತಿಪುರಂ_ರಾಜು ಉತ್ತರ

ಸಾರ್, ನಿಮಗಾದ ಅನ್ಯಾಯ ಓದಿ ಬೇಸರವಾಯಿತು. ಆದರೆ ಅದೇ ದಿನದ ಇನ್ನೊಂದು ವಿಷಯ ನೀವು ಬರೆದಿಲ್ಲ. ಅಧಿಕಾರ ಮುಗಿಯಲು ಕೆಲವೇ ನಿಮಿಷ ಇರುವಾಗ ಬೈಡನ್ ತಮ್ಮ ಇಬ್ಬರು ತಮ್ಮಂದಿರಿಗೆ, ತಂಗಿಗೆ, ಅವರ ಮನೆಯವರಿಗೂ ಹೀಗೇ ಬರೆದುಕೊಟ್ಟರು. ಅದಕ್ಕೆ ಮುಂಚೆ 2024ರ ಡಿಸೆಂಬರ್ 1ರಂದು ಮಗನಿಗೆ ಕೊಟ್ಟಿದ್ದರು. ವಿಜ್ಞಾನಿಗೆ ಕೊಟ್ಟಾಗ ಧರ್ಮ ಅನ್ನಬಹುದು. ಮನೆ ಮಂದಿಗೆಲ್ಲ ಕೊಟ್ಟಾಗ ಏನನ್ನಬೇಕು? ಎರಡೂ ಒಂದೇ ಅಧಿಕಾರ, ಒಂದೇ ಸಹಿ.

ವಕೀಲೆ_ಮೈಸೂರು ಉತ್ತರ

ಸಾರ್, ಮೊದಲು ಕಾನೂನು ಹೇಳುತ್ತೇನೆ, ಆಮೇಲೆ ನನ್ನ ಅಭಿಪ್ರಾಯ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಮ್ಮಲ್ಲಿ ಇದು ಸಾಧ್ಯವಿಲ್ಲ. ಸಂವಿಧಾನದ 72ನೇ ವಿಧಿ ರಾಷ್ಟ್ರಪತಿಗೆ, 161ನೇ ವಿಧಿ ರಾಜ್ಯಪಾಲರಿಗೆ ಕ್ಷಮಾದಾನದ ಅಧಿಕಾರ ಕೊಡುತ್ತವೆ. ಎರಡರಲ್ಲೂ ಇರುವುದು ಅಪರಾಧ ಸಾಬೀತಾಗಿ ತೀರ್ಪು ಬಂದವರ ಬಗ್ಗೆ. ಕೇಸೇ ಇಲ್ಲದವನಿಗೆ ಕ್ಷಮೆ ಅನ್ನುವುದು ಅಲ್ಲಿಲ್ಲ. ಜೊತೆಗೆ ಅವರು ಸ್ವಂತ ಮನಸ್ಸಿನಿಂದ ಕೊಡುವಂತೆಯೂ ಇಲ್ಲ, ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಮಾರುರಾಮ್ ಪ್ರಕರಣದಲ್ಲಿ 1980ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಕೊಟ್ಟಮೇಲೂ ಕೋರ್ಟು ನೋಡಬಹುದು. ಆಂಧ್ರದ ರಾಜ್ಯಪಾಲರು ರಾಜಕೀಯ ಕಾರಣಕ್ಕೆ ಒಬ್ಬರ ಶಿಕ್ಷೆ ಕಡಿಮೆ ಮಾಡಿದ್ದನ್ನು ಎಪೂರು ಸುಧಾಕರ್ ಪ್ರಕರಣದಲ್ಲಿ 2006ರಲ್ಲಿ ರದ್ದು ಮಾಡಿದರು. ಅಮೆರಿಕದಲ್ಲಿ ಬೇರೆ. ಅಪರಾಧ ನಡೆದ ಮೇಲೆ ಯಾವ ಹಂತದಲ್ಲಾದರೂ, ಕೇಸು ಶುರುವಾಗುವ ಮುಂಚೆಯೂ, ಅಧ್ಯಕ್ಷರು ಕ್ಷಮಿಸಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1860ರ ದಶಕದಲ್ಲೇ ಹೇಳಿತ್ತು. ಅಧ್ಯಕ್ಷ ಫೋರ್ಡ್ 1974ರ ಸೆಪ್ಟೆಂಬರ್ 8ರಂದು ಹಿಂದಿನ ಅಧ್ಯಕ್ಷ ನಿಕ್ಸನ್‌ಗೆ ಕೊಟ್ಟದ್ದು ಆ ಬಲದ ಮೇಲೆ.

ಹಾಗಾದರೆ ಸೇಡಿನ ಕೇಸಿಗೆ ನಮ್ಮಲ್ಲಿ ಏನೂ ಇಲ್ಲವೇ? ಇದೆ. ನಿರೀಕ್ಷಣಾ ಜಾಮೀನು, ಅಂದರೆ ಬಂಧನವಾಗುವ ಮುಂಚೆಯೇ ಕೋರ್ಟಿನಿಂದ ಪಡೆಯುವ ಜಾಮೀನು. ಅದು ಹುಟ್ಟಿದ್ದೇ ಈ ಕಾರಣಕ್ಕೆ. 1969ರಲ್ಲಿ ಕಾನೂನು ಆಯೋಗ ತನ್ನ 41ನೇ ವರದಿಯಲ್ಲಿ ಬರೆದದ್ದು ಇದನ್ನೇ: ಪ್ರಭಾವಿಗಳು ತಮ್ಮ ಎದುರಾಳಿಗಳ ಮಾನ ಕಳೆಯಲು ಸುಳ್ಳು ಕೇಸಿನಲ್ಲಿ ಸಿಕ್ಕಿಸಿ ಕೆಲವು ದಿನ ಜೈಲಿನಲ್ಲಿಡಿಸುತ್ತಾರೆ, ಅದಕ್ಕೊಂದು ತಡೆ ಬೇಕು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 438ನೇ ಸೆಕ್ಷನ್ ಆಯಿತು, ಅದರ ಬದಲಿಗೆ ಬಂದಿರುವ ಈಗಿನ ಬಿಎನ್‌ಎಸ್‌ಎಸ್‌ನಲ್ಲಿ 482. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಉತ್ತರ ಪ್ರದೇಶದಲ್ಲಿ ಈ ಸೆಕ್ಷನ್ನನ್ನೇ ಕಿತ್ತು ಹಾಕಿದರು. ಯಾರಿಗೆ ಇದು ಅಡ್ಡಿ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ. 1980ರಲ್ಲಿ ಪಂಜಾಬಿನ ಮಾಜಿ ಮಂತ್ರಿ ಗುರುಬಕ್ಷ್ ಸಿಂಗ್ ಸಿಬ್ಬಿಯಾ ಅವರ ಪ್ರಕರಣ ಐವರು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. ಅವರು ಈ ಹಕ್ಕನ್ನು ಅಗಲ ಮಾಡಿದರು. ಅದರ ಜೊತೆಗೇ, ಯಾವುದೇ ಅಪರಾಧಕ್ಕೂ ಯಾವತ್ತೂ ಬಂಧಿಸಬೇಡಿ ಎಂಬಂಥ ಸಾರಾಸಗಟು ಆದೇಶ ಕೊಡುವಂತಿಲ್ಲ ಎಂದೂ ಹೇಳಿದರು. ಯಾವ ಆರೋಪಕ್ಕೆ ಹೆದರುತ್ತಿದ್ದೀಯ, ಯಾಕೆ ಹೆದರುತ್ತಿದ್ದೀಯ ಅಂತ ಬಂದವನು ಹೇಳಬೇಕು, ನ್ಯಾಯಾಧೀಶರು ಕೇಳಿ, ಕಾರಣ ಬರೆದು, ಆದೇಶ ಮಾಡಬೇಕು.

ನನಗೆ ಇದು ಮುಖ್ಯ, ಸಾರ್. ರಕ್ಷಣೆ ಬೇಕಾದವನು ಅದನ್ನು ಕೇಳಿ ಪಡೆಯಬೇಕು. ಎದುರು ಕಡೆಯವನಿಗೂ ಮಾತಾಡಲು ಅವಕಾಶ ಇರಬೇಕು. ಹನ್ನೊಂದು ವರ್ಷಕ್ಕೆ ಒಂದೇ ಸಹಿಯಲ್ಲಿ, ಆರೋಪದ ಹೆಸರೂ ಹೇಳದೆ ಕೊಟ್ಟ ಕಾಗದ ನಿರಪರಾಧಿಯನ್ನೂ ಅಪರಾಧಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. 1915ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಬರ್ಡಿಕ್ ಪ್ರಕರಣದಲ್ಲಿ, ಕ್ಷಮಾದಾನಕ್ಕೆ ತಪ್ಪಿನ ಕಳಂಕ ಅಂಟಿಕೊಂಡೇ ಬರುತ್ತದೆ ಎಂಬ ಮಾತು ಆಡಿದೆ. ಪತ್ರಿಕಾ ಸಂಪಾದಕರೊಬ್ಬರು ಅಧ್ಯಕ್ಷರು ಕೊಟ್ಟ ಕ್ಷಮಾದಾನವನ್ನು ಬೇಡ ಅಂದ ಪ್ರಕರಣ ಅದು. ಬೇಡ ಅನ್ನುವ ಹಕ್ಕು ಅವರಿಗಿದೆ ಎಂದು ಕೋರ್ಟು ಒಪ್ಪಿತು. ನಿಮ್ಮ ಕೈಯಲ್ಲಿ ಈಗ ‘ಆರೋಪ ಸಾಬೀತಾಗಿಲ್ಲ’ ಎಂಬ ಒಂದು ಪುಟ ಇದೆ. ಕ್ಷಮಾದಾನದ ಕಾಗದ ಇದ್ದಿದ್ದರೆ ಆ ಪುಟ ಯಾವತ್ತೂ ಬರುತ್ತಿರಲಿಲ್ಲ.

ಇನ್ನು ನಮ್ಮ ಮೈಸೂರಿನದೇ ಒಂದು ವಿಷಯ. 2000ನೇ ಇಸವಿ ಜುಲೈ 30ರಂದು ಡಾ. ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ವೀರಪ್ಪನ್ ಅಪಹರಿಸಿದ. ನಾನಾಗ ಕಾನೂನು ಓದುತ್ತಿದ್ದೆ. ಇಡೀ ರಾಜ್ಯ ಉಸಿರು ಹಿಡಿದು ಕೂತಿತ್ತು. ಅವನ ಬೇಡಿಕೆಗಳಲ್ಲಿ ಒಂದು, ಜೈಲಿನಲ್ಲಿದ್ದ ತನ್ನ ಕಡೆಯವರ ಮೇಲಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೇಸು ಬಿಡಬೇಕು ಅನ್ನುವುದು. ಸರ್ಕಾರ ಒಪ್ಪಿತು. ಮೈಸೂರಿನ ಟಾಡಾ ಕೋರ್ಟಿನಲ್ಲಿ ಸರ್ಕಾರಿ ವಕೀಲರು ಅರ್ಜಿ ಹಾಕಿದರು, ಅನುಮತಿಯೂ ಸಿಕ್ಕಿತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು ಅಬ್ದುಲ್ ಕರೀಂ. ಅವರ ಮಗ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ 1992ರ ಆಗಸ್ಟ್‌ನಲ್ಲಿ ಮೀಣ್ಯಂ ಹತ್ತಿರ ಎಸ್‌ಪಿ ಹರಿಕೃಷ್ಣ ಅವರ ಜೊತೆ ವೀರಪ್ಪನ್ ಗುಂಡಿಗೆ ಬಲಿಯಾಗಿದ್ದರು. ಆ ವೇಳೆಯಲ್ಲಿ ಹಾಗೆ ಕೋರ್ಟಿಗೆ ಹೋಗುವುದಕ್ಕೆ ಎಂಥಾ ಎದೆಗಾರಿಕೆ ಬೇಕಿತ್ತು ಯೋಚನೆ ಮಾಡಿ. ರಾಜ್‌ಕುಮಾರ್ ಇನ್ನೂ ಕಾಡಿನಲ್ಲೇ ಇದ್ದರು, ಜನ ಕುದಿಯುತ್ತಿದ್ದರು. ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆ ಅನುಮತಿಯನ್ನು ರದ್ದು ಮಾಡಿತು. ಸರ್ಕಾರಿ ವಕೀಲ ಸರ್ಕಾರ ಹೇಳಿದ್ದಕ್ಕೆ ಬರೀ ಸಹಿ ಹಾಕುವವನಲ್ಲ, ತಾನೇ ಮನಸ್ಸಿಟ್ಟು ನೋಡಬೇಕು, ನ್ಯಾಯಾಧೀಶರೂ ನೋಡಬೇಕು ಅನ್ನುವುದು ಆ ತೀರ್ಪಿನ ಸಾರ. ಎಂಟು ದಿನದ ಮೇಲೆ, ನವೆಂಬರ್ 15ಕ್ಕೆ, ರಾಜ್‌ಕುಮಾರ್ ಬಿಡುಗಡೆಯಾದರು.

ಸರ್ಕಾರದ ಉದ್ದೇಶ ಆಗ ಕೆಟ್ಟದ್ದಿತ್ತು ಅಂತ ನಾನು ಹೇಳುವುದಿಲ್ಲ. ಒಂದು ಜೀವ ಉಳಿಸಬೇಕಿತ್ತು. ಆದರೆ ಕೇಸು ಬಿಡುವುದರಲ್ಲಿ ಮಗನನ್ನು ಕಳೆದುಕೊಂಡ ಅಪ್ಪನಿಗೂ ಒಂದು ಮಾತಿದೆ. ಆ ಮಾತು ಹೇಳಲು ಅವರಿಗೆ ಜಾಗ ಸಿಕ್ಕಿದ್ದು ವಿಷಯ ಕೋರ್ಟಿನ ಮುಂದೆ ಬಂದದ್ದರಿಂದ. ಕ್ಷಮಾದಾನಕ್ಕೆ ಅಮೆರಿಕದಲ್ಲಿ ಅಂಥ ಜಾಗವೇ ಇಲ್ಲ.

ಮದ್ದೂರು_ಕಡೆಯವ ಉತ್ತರ

ಮೇಡಂ ಹೇಳಿದ್ದು ಸರಿ, ಆದ್ರೆ ನಮ್ಮ ಕಡೆ ಮಾತೂ ಒಂದಿಷ್ಟು ಕೇಳಿ. ಕಾವೇರಿ ಗಲಾಟೆ ಆದಾಗಲೆಲ್ಲ ನಮ್ಮೂರ ಹುಡುಗರ ಮೇಲೆ ಕೇಸು ಬಿದ್ದವೆ. ಹೆದ್ದಾರಿಲಿ ಕೂತಿದ್ದಕ್ಕೆ, ರೈಲು ತಡೆದಿದ್ದಕ್ಕೆ. ನಾನೂ ಮದ್ದೂರು ಕೋರ್ಟಿಗೆ ಅಲೆದಿದೀನಿ. ಕಬ್ಬು ಕಟಾವ್ ಟೈಮಲ್ಲಿ ವಾಯ್ದೆ ಬಿದ್ರೆ ಆಳಿಗೂ ದುಡ್ಡು, ವಕೀಲರಿಗೂ ದುಡ್ಡು. ಸರ್ಕಾರ ರೈತರ ಮೇಲಿನ ಕೇಸು ವಾಪಸ್ ತಗೊಂಡಾಗ ನಮ್ಮ ಮನೆಲಿ ಹಬ್ಬ ಮಾಡಿದ್ವಿ. ಅದೂ ಕೋರ್ಟಿನ ಮೂಲಕವೇ ಆಗಿದ್ದು, ಅದನ್ನ ತಪ್ಪು ಅಂತ ಯಾರಾದ್ರೂ ಅಂದ್ರೆ ನಾ ಒಪ್ಪಾಕಿಲ್ಲ.

ಆದ್ರೆ ಒಂದು ನೋಡಿವ್ನಿ. ಇಂಥಾ ಪಟ್ಟಿ ಅನ್ನೋದು ನಾಲೆ ನೀರಿದ್ದಂಗೆ. ಮೇಲ್ಗಡೆ ಇರೋರ ಗದ್ದೆ ಮೊದಲು ತುಂಬ್ತದೆ, ಕೊನೆ ಭಾಗದವನಿಗೆ ಬರೋ ಹೊತ್ಗೆ ತೂಬು ಬಂದ್. ಲೀಡರ್‌ಗಳ ಹೆಸರು ಮೊದಲ ಪಟ್ಟಿಲೇ ಇರ್ತದೆ. ಅವರ ಹಿಂದೆ ಕೂತಿದ್ದ ಹುಡುಗ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದಾಗಲೇ ತನ್ನ ಕೇಸು ಇನ್ನೂ ಐತೆ ಅಂತ ಗೊತ್ತಾಗಾದು. ನಮ್ಮೂರಲ್ಲೇ ಹಂಗಾಗದೆ. ಅದ್ಕೇ ಕೇಳ್ತೀನಿ, ಆ ಬೈಡನ್ ಪಟ್ಟಿಲಿ ಇಲ್ಲದೆ ಉಳಿದೋರು ಯಾರ್ಯಾರು?

ಸರಸ್ವತಿಪುರಂ_ರಾಜು ಉತ್ತರ

ಒಳ್ಳೆ ಪ್ರಶ್ನೆ ಅಣ್ಣ. ಎಫ್‌ಬಿಐ ಮುಖ್ಯಸ್ಥರಾಗಿದ್ದ ಜೇಮ್ಸ್ ಕೋಮಿ ಇರಲಿಲ್ಲ. ಟ್ರಂಪ್ ಮೇಲೆ ನ್ಯೂಯಾರ್ಕ್‌ನಲ್ಲಿ ದಾವೆ ಹೂಡಿದ ಅಲ್ಲಿನ ಅಟಾರ್ನಿ ಜನರಲ್ ಲೆಟಿಷಿಯಾ ಜೇಮ್ಸ್ ಇರಲಿಲ್ಲ. ಕೋಮಿ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ, ಜೇಮ್ಸ್ ಮೇಲೆ ಅಕ್ಟೋಬರ್‌ನಲ್ಲಿ ದೋಷಾರೋಪ ಬಂತು. ನವೆಂಬರ್‌ನಲ್ಲಿ ಕೋರ್ಟು ಎರಡನ್ನೂ ವಜಾ ಮಾಡಿತು, ಕೇಸು ಹಾಕಿದ ಸರ್ಕಾರಿ ವಕೀಲರ ನೇಮಕವೇ ಕಾನೂನುಬದ್ಧವಲ್ಲ ಎಂದು. ಅಂದರೆ ಬೈಡನ್ ಹೆದರಿದ್ದು ಸುಮ್ಮನೆ ಅಲ್ಲ, ಅದನ್ನು ನಾನೂ ಒಪ್ಪುತ್ತೇನೆ.

ಅದೇ ನವೆಂಬರ್‌ನಲ್ಲಿ ಇನ್ನೊಂದಾಯಿತು. 2020ರ ಚುನಾವಣೆ ಫಲಿತಾಂಶ ಬದಲಿಸಲು ಓಡಾಡಿದ ರೂಡಿ ಜೂಲಿಯಾನಿ, ಮಾರ್ಕ್ ಮೆಡೋಸ್ ಮುಂತಾದವರಿಗೆ ಟ್ರಂಪ್ ಕ್ಷಮಾದಾನ ಕೊಟ್ಟರು. ಆ ವಿಷಯದಲ್ಲಿ ಅವರ ಮೇಲೆ ಕೇಂದ್ರದ ಕೇಸೇ ಇರಲಿಲ್ಲ. ಮುಂಚಿತ ಕ್ಷಮಾದಾನವೇ ಅದೂ. ಒಬ್ಬರು ತೆರೆದ ಬಾಗಿಲಲ್ಲಿ ಇನ್ನೊಬ್ಬರು ನಡೆದರು. ಸಮಿತಿಯಲ್ಲಿದ್ದ ಆಡಂ ಶಿಫ್, ಆಡಂ ಕಿನ್ಜಿಂಜರ್ ಇಬ್ಬರೂ ನಮಗೆ ಬೇಡ ಅಂತ ಮೊದಲೇ ಹೇಳಿದ್ದರು, ಬಹುಶಃ ಮುಂದೆ ಹೀಗಾದೀತು ಎಂದು ಊಹಿಸಿಯೇ.

ಮಂಡ್ಯ_ನಿವೃತ್ತ ಉತ್ತರ

ಎಲ್ಲರದೂ ಓದಿದೆ. ವಕೀಲೆ ಮೇಡಂ, ನೀವು ಹೇಳಿದ ಅಬ್ದುಲ್ ಕರೀಂ ಅವರ ವಿಷಯ ಪತ್ರಿಕೆಯಲ್ಲಿ ಓದಿದ ನೆನಪಿದೆ. ಅವರಿಗೆ ಕೈ ಮುಗಿಯುತ್ತೇನೆ.

ಆದರೂ ನನಗೆ ಪೂರ್ತಿ ಸಮಾಧಾನವಿಲ್ಲ. ಆ ಒಂದು ಪುಟಕ್ಕೆ ನಾನು ಕೊಟ್ಟ ಬೆಲೆ ನಿಮಗೆ ಗೊತ್ತಿಲ್ಲ ಅಂತ ಹೇಳುವುದಿಲ್ಲ, ವಕೀಲರು ದಿನಾ ನೋಡುತ್ತೀರಿ. ಆದರೆ ನಿರೀಕ್ಷಣಾ ಜಾಮೀನು ಬಂಧನವನ್ನು ತಡೆಯುತ್ತದೆ, ವಿಚಾರಣೆಯನ್ನು ತಡೆಯುವುದಿಲ್ಲ. ಇಲಾಖಾ ವಿಚಾರಣೆಗೆ ಅದು ನಾಟುವುದೂ ಇಲ್ಲ. ಫೌಚಿ ಅವರಿಗೆ ಎಂಬತ್ತು ದಾಟಿದೆ. 1984ರಿಂದ 2022ರವರೆಗೆ ಒಂದೇ ಸಂಸ್ಥೆಯನ್ನು ನಡೆಸಿದವರು, ಕೊಲೆ ಬೆದರಿಕೆ ಎದುರಿಸಿದವರು. ಅವರಿಗೆ ‘ಕೋರ್ಟಿಗೆ ಹೋಗಿ, ಐದಾರು ವರ್ಷದಲ್ಲಿ ನ್ಯಾಯ ಸಿಗುತ್ತದೆ’ ಅಂತ ಹೇಳುವುದು ನನ್ನಿಂದಾಗದು. ನನಗೆ ಅವತ್ತು ಯಾರಾದರೂ ಅಂಥ ಕಾಗದ ಕೊಟ್ಟಿದ್ದರೆ ತೆಗೆದುಕೊಳ್ಳುತ್ತಿದ್ದೆ. ಕಳಂಕ ಅಂದರೆ ಅನ್ನಲಿ, ಹೇಗಿದ್ದರೂ ಅಂದರಲ್ಲ.

ಮದ್ದೂರಿನವರ ಮಾತು ಮಾತ್ರ ನಾಟಿತು. ಕೆರೆ ಅಳೆದದ್ದು ನಾನಲ್ಲ. ಒಬ್ಬ ಭೂಮಾಪಕರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಒತ್ತುವರಿದಾರರು ಎದುರು ನಿಂತು ಬೈಯುತ್ತಿದ್ದರೂ ಸರಪಳಿ ಹಿಡಿದು ಗಡಿಕಲ್ಲು ಹುಡುಕಿದವರು ಅವರು. ಅವರ ಮೇಲೂ ವಿಚಾರಣೆ ಆಯಿತು. ನನ್ನದು ಮುಗಿಯಿತು. ಅವರದರಲ್ಲಿ ವೇತನ ಬಡ್ತಿ ತಡೆಹಿಡಿದು ಆದೇಶ ಮಾಡಿದ್ದಾರೆ. ಮೊನ್ನೆ ಫೋನ್ ಮಾಡಿದಾಗ ಗೊತ್ತಾಯಿತು. ಯಾವ ಮುಖ್ಯಮಂತ್ರಿ ಪಟ್ಟಿ ಮಾಡಿದ್ದರೂ ನನ್ನ ಹೆಸರು ಬರುತ್ತಿತ್ತೋ ಏನೋ, ಅವರದು ಬರುತ್ತಿರಲಿಲ್ಲ.

ವಕೀಲೆ_ಮೈಸೂರು ಉತ್ತರ

ಸಾರ್, ನೀವು ತೆಗೆದುಕೊಳ್ಳುತ್ತಿದ್ದೆ ಅಂದದ್ದನ್ನು ನಾನು ತಪ್ಪು ಅನ್ನುವುದಿಲ್ಲ. ನನ್ನ ತಕರಾರು ಪಡೆದವರ ಮೇಲಲ್ಲ, ಕೊಡುವ ಅಧಿಕಾರದ ಮೇಲೆ. 1975ರ ಆಗಸ್ಟ್‌ನಲ್ಲಿ ನಮ್ಮಲ್ಲೂ ಒಂದು ಪ್ರಯತ್ನ ಆಗಿತ್ತು: 41ನೇ ತಿದ್ದುಪಡಿ ಮಸೂದೆ, ಪ್ರಧಾನಿಯಾದವರ ಮೇಲೆ ಜೀವಮಾನವಿಡೀ ಕ್ರಿಮಿನಲ್ ಕೇಸು ಹಾಕುವಂತಿಲ್ಲ ಎಂದು. ರಾಜ್ಯಸಭೆ ಒಪ್ಪಿತ್ತು, ಲೋಕಸಭೆಯಲ್ಲಿ ಅಂಗೀಕಾರ ಆಗಲೇ ಇಲ್ಲ. ಆಗಿದ್ದರೆ? 1977ರ ಅಕ್ಟೋಬರ್ 3ರಂದು ಇಂದಿರಾ ಗಾಂಧಿಯವರನ್ನು ಜನತಾ ಸರ್ಕಾರ ಬಂಧಿಸಿತು. ಅದರಲ್ಲಿ ಸೇಡು ಇತ್ತು ಅಂತ ತುಂಬಾ ಜನ ಅಂದುಕೊಂಡರು. ಮಾರನೇ ದಿನ ಅವರನ್ನು ಬಿಟ್ಟವರು ಒಬ್ಬ ಮ್ಯಾಜಿಸ್ಟ್ರೇಟ್, ಬಂಧನಕ್ಕೆ ಆಧಾರ ಸಾಲದು ಎಂದು. ಮುಂದಿನ ವರ್ಷ ನವೆಂಬರ್‌ನಲ್ಲಿ ನಮ್ಮ ಚಿಕ್ಕಮಗಳೂರಿನಿಂದ ವೀರೇಂದ್ರ ಪಾಟೀಲರನ್ನು ಸೋಲಿಸಿ ಗೆದ್ದರು. ಮಸೂದೆಯ ರಕ್ಷಣೆಯಲ್ಲಿ ಅಡಗಿದ್ದರೆ ಅವರು ಜನರ ಮುಂದೆ ಹಾಗೆ ನಿಲ್ಲಲು ಆಗುತ್ತಿತ್ತೇ ಅಂತ ನನಗೆ ಅನುಮಾನ.

ನಿಮ್ಮ ಒಂದು ಮಾತು ಪೂರ್ತಿ ಒಪ್ಪುತ್ತೇನೆ: ಇಲಾಖಾ ವಿಚಾರಣೆಗೆ ಜಾಮೀನು ನಾಟುವುದಿಲ್ಲ. ಅಲ್ಲಿ ಬೇಕಾದದ್ದು ಎಲ್ಲರಿಗೂ ಅನ್ವಯಿಸುವ ನಿಯಮ. ಒಂದು ಈಗಲೇ ಇದೆ. ರಾಜ್ಯ ಸರ್ಕಾರಿ ನೌಕರರ ಸೇವಾ ನಿಯಮಾವಳಿಯಾದ ಕೆಸಿಎಸ್‌ಆರ್ 214ನೇ ನಿಯಮದಂತೆ, ನೌಕರಿಯಲ್ಲಿದ್ದಾಗ ಶುರು ಮಾಡದ ವಿಚಾರಣೆಯನ್ನು ನಿವೃತ್ತಿಯ ನಂತರ ಶುರು ಮಾಡಬೇಕಾದರೆ, ಘಟನೆ ಅದಕ್ಕೆ ನಾಲ್ಕು ವರ್ಷಕ್ಕಿಂತ ಹಿಂದಿನದಾಗಿರುವಂತಿಲ್ಲ. ಕಾರ್ಯದರ್ಶಿಗೂ ಅದೇ, ಜವಾನನಿಗೂ ಅದೇ. ಇದಕ್ಕೆ ಯಾರ ಸಹಿಯೂ ಬೇಡ, ಯಾರ ಋಣವೂ ಬೇಡ. ವಿಚಾರಣೆ ಇಷ್ಟು ಸಮಯದಲ್ಲಿ ಮುಗಿಯದಿದ್ದರೆ ತಾನಾಗಿ ಬಿದ್ದುಹೋಗಬೇಕು ಎಂಬ ಕಟ್ಟುನಿಟ್ಟಿನ ನಿಯಮವೂ ಬಂದರೆ ನಿಮ್ಮಂಥವರ ಅರ್ಧ ಸಂಕಟ ಕಡಿಮೆಯಾಗುತ್ತದೆ. ಹೋರಾಡುವುದಾದರೆ ಇದಕ್ಕೆ ಹೋರಾಡೋಣ, ನಾನು ಬರುತ್ತೇನೆ.

ಈಗ ಆ ಭೂಮಾಪಕರ ವಿಷಯ. ವೇತನ ಬಡ್ತಿ ತಡೆದ ಆದೇಶದ ತಾರೀಕು ಯಾವುದು? ಮೇಲ್ಮನವಿ ಹಾಕಿದ್ದಾರೋ ಇಲ್ಲವೋ? ಅದಕ್ಕೆ ಆದೇಶ ಬಂದಿದ್ದರೆ ಅಲ್ಲಿಂದ ಒಂದು ವರ್ಷದೊಳಗೆ ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಮೇಲ್ಮನವಿ ಹಾಕಿ ಆರು ತಿಂಗಳಾದರೂ ಉತ್ತರ ಬಂದಿಲ್ಲದಿದ್ದರೆ, ಆ ಆರು ತಿಂಗಳು ಮುಗಿದ ದಿನದಿಂದ ಒಂದು ವರ್ಷ. ಮೇಲ್ಮನವಿಯನ್ನೇ ಹಾಕಿಲ್ಲದಿದ್ದರೆ ಇವತ್ತೇ ಹೇಳಿ, ಅದಕ್ಕೆ ಇನ್ನೂ ಕಡಿಮೆ ಸಮಯ ಇರುತ್ತದೆ. ತಡವಾಗಿದ್ದರೆ ತಡಕ್ಕೆ ಕಾರಣ ಕೊಟ್ಟು ಮನ್ನಾ ಕೇಳಬಹುದು, ಆದರೆ ಅದನ್ನು ನೆಚ್ಚಿ ಕೂರಬಾರದು. ಆರೋಪ ಪಟ್ಟಿ, ವಿಚಾರಣಾಧಿಕಾರಿಯ ವರದಿ, ಕೊನೆಯ ಆದೇಶ, ಈ ಮೂರರ ನಕಲು ಮತ್ತು ನಿಮ್ಮ ಪ್ರಕರಣದಲ್ಲಿ ಬಂದ ಆದೇಶದ ನಕಲು ಬೇಕು. ಒಂದೇ ಅಳತೆಯ ಹಿನ್ನೆಲೆಯಲ್ಲಿ ಇಬ್ಬರ ಮೇಲೂ ಕ್ರಮ ಆಗಿರುವಾಗ ನಿಮ್ಮದು ಕೈಬಿಟ್ಟದ್ದು ಅವರಿಗೆ ಉಪಯೋಗಕ್ಕೆ ಬರಬಹುದು. ಸಂಜೆ ಐದರ ಮೇಲೆ ಚಾಮರಾಜಪುರಂ ಕೋರ್ಟಿನ ಹತ್ತಿರ ಸಿಗುತ್ತೇನೆ, ಮೊದಲು ಇಲ್ಲೇ ಖಾಸಗಿ ಸಂದೇಶ ಕಳಿಸಿ. ಅವರನ್ನು ಕರೆದುಕೊಂಡು ಬನ್ನಿ, ನೀವೂ ಜೊತೆಗೆ ಬನ್ನಿ.